ಮೊದಲ ಐವತ್ತು ಸರದಿ

ಲ್ಯಾಪ್‌ಟಾಪು ಪೈಡಿರಾಜುವಿನದು.
ಫೈನಲ್ ಎಕ್ಸಿಟ್ ಹೊಡೆಸಿಕೊಂಡು ಹೋಗುವಾಗ
ಕುಕ್ಕರು, ಇಸ್ತ್ರಿಪೆಟ್ಟಿಗೆ, ಅರ್ಧ ಡಬ್ಬಿ ಉಪ್ಪಿನಕಾಯಿಯ ಜೊತೆ
ಇದನ್ನೂ ನಮ್ಮ ಕೋಣೆಗೆ ಬಿಟ್ಟ.
ಒಂದು ಕೀಲಿ ಇಲ್ಲ. ಬ್ಯಾಟರಿ ನಿಲ್ಲುವುದಿಲ್ಲ.
ಒಳಗೆ ಒಂದು ಆಟ ಮಾತ್ರ ಉಂಟು.

ಕಲಿಸಿದ್ದು ಮೊಯ್ದಿನಬ್ಬ.
ವಯಸ್ಸು ಐವತ್ತಮೂರು, ಮೂರನೇ ಪಂಪಿನ ಆಪರೇಟರು,
ಮೂಗಿನ ತುದಿಗೆ ಕನ್ನಡಕ ಇಳಿಸಿ
ಜುಬೈಲಿನ ಶುಕ್ರವಾರಗಳನ್ನೆಲ್ಲ
ಷಟ್ಕೋನಗಳಾಗಿ ಕತ್ತರಿಸಿ ಕುಳಿತವರು.

"ಮೊದಲ ಸರದಿಯಲ್ಲೇ ಊರು ಕಟ್ಟಬೇಕು, ಡೊಲ್ಫಿ.
ಇನ್ನೂ ಒಳ್ಳೆ ಜಾಗ ಸಿಗಬಹುದು ಅಂತ
ನಡೆದಾಡಿದವ ಕೆಟ್ಟ.
ಮತ್ತೆ ದಾರಿ ಹುಡುಕುವವನನ್ನು ಹೊರಡಿಸು,
ಕಪ್ಪು ನಕ್ಷೆ ಅವನ ಕಾಲಡಿ ತಾನಾಗಿ ಬಿಚ್ಚಲಿ.
ಗೋಪುರ, ತೂಗುತೋಟ ಈಗ ಬೇಡ,
ಅದೆಲ್ಲ ಹೊಟ್ಟೆ ತುಂಬಿದವರ ಖಯಾಲಿ.
ಜನ ಕಳಿಸು. ಜಾಗ ಹಿಡಿ.
ಐವತ್ತು ಸರದಿಯೊಳಗೆ ನಾಲ್ಕು ಊರು ಇಲ್ಲದಿದ್ದರೆ
ಆಮೇಲೆ ಬುದ್ಧಿವಂತನಾಗಿ ಎಂತ ಪ್ರಯೋಜನ?"

ನಾನು ಕೇಳಲಿಲ್ಲ.
ಮೂರು ಆಟ ತೂಗುತೋಟ ಕಟ್ಟುತ್ತಾ ಕೂತೆ.
ಕೊನೆಯ ಕಲ್ಲಿಡುವ ಹೊತ್ತಿಗೆ
ಯಾರೋ ದೂರದ ರಾಜ ಕಟ್ಟಿ ಮುಗಿಸಿದ ಸುದ್ದಿ.
ತಲೆಯೆತ್ತಿದರೆ ನನ್ನ ಬೇಲಿಯ ಮೂರು ದಿಕ್ಕಿಗೂ
ಪರರ ಬಣ್ಣ ಹರಡಿತ್ತು;
ನನಗುಳಿದದ್ದು ಹಿಮದ ಪಟ್ಟಿ, ಒಂದು ಜಿಂಕೆ.

ಇನ್ನೊಂದರಲ್ಲಿ ಓಡಿ ಓಡಿ ಆರು ಊರು ಎಬ್ಬಿಸಿದೆ,
ಒಂದಕ್ಕೂ ಕಾವಲಿಲ್ಲ.
ಕಾಡಿನಿಂದ ಬಂದವರು ಮೂರನ್ನು ಸುಟ್ಟರು.
ಮೊಯ್ದಿನಬ್ಬ ನಗಲಿಲ್ಲ. ಸುಲೈಮಾನಿ ಹೀರಿ
"ದೋಣಿಗಿಂತ ಬಲೆ ದೊಡ್ಡದಾಯಿತು" ಅಂದರು.

ಒಂದು ಸಂಗತಿಯ ಬಗ್ಗೆ ನಾವು ಜಾಸ್ತಿ ಮಾತಾಡುವುದಿಲ್ಲ:
ವಲಸಿಗನೊಬ್ಬ ತಯಾರಾಗಿ ಹೊರಬಿದ್ದರೆ
ಹೆತ್ತ ಊರಿನ ತಲೆಲೆಕ್ಕ ಒಂದು ಇಳಿಯುತ್ತದೆ.
ಎರಡಿದ್ದದ್ದು ಒಂದು.
ಮೊದಲ ಸಲ ನೋಡಿ, "ಇದೆಂತ, ಆಟದ ತಪ್ಪಾ?" ಅಂದೆ.
"ರೇಷನ್ ಕಾರ್ಡಿನಲ್ಲಿ ನನ್ನ ಹೆಸರು ಹೊಡೆದರಲ್ಲ, ಹಾಗೆ"
ಅಂದು ಅವರು ಮುಂದಿನ ಸರದಿ ಒತ್ತಿದರು.

ಮತ್ತೆ ನೀರು.
ಚೌಕಾಬಾರದಲ್ಲಿ ಅನ್ನುವ ಹಾಗೆ ಇಲ್ಲಿಯೂ ನಾವು ಮನೆ ಅನ್ನುತ್ತೇವೆ.
ಹೊಳೆ ಪಕ್ಕದ ಮನೆಗೆ ಕಡು ಹಸಿರು,
ಕಡಲ ದಂಡೆಗೆ ತಿಳಿ ಹಸಿರು,
ಉಳಿದದ್ದು ಬೂದು.
ಬೂದು ಮನೆಯಲ್ಲಿ ಊರಬೇಡ ಎಂದು
ಆಟವೇ ಕೈಹಿಡಿದು ಎಚ್ಚರಿಸುತ್ತದೆ.
ನಾನು ಕಿಟಕಿಯಾಚೆ ನೋಡುತ್ತೇನೆ.
ಈ ಸೀಮೆಗೆ ಹೊಳೆಯಿಲ್ಲ, ತೋಡೂ ಇಲ್ಲ.
ರಾತ್ರಿ ಪಾಳಿಯಲ್ಲಿ ನಾವು ಕಡಲನ್ನು ಒಳಗೆಳೆದು
ಕುದಿಸಿ, ಉಪ್ಪು ಬಿಡಿಸಿ, ಕೊಳವೆಗೆ ತುಂಬಿದ ನೀರು
ನಾನೂರು ಚಿಲ್ಲರೆ ಕಿಲೋಮೀಟರು ಮರಳಲ್ಲಿ ನಡೆದು
ರಿಯಾದಿನ ನಲ್ಲಿಯಲ್ಲಿ ಬಾಯಿ ಬಿಡುತ್ತದೆ.
ಬೂದು ಮನೆಯಲ್ಲೇ ಕಟ್ಟಿದ್ದಾರೆ, ಮಾರಾಯ್ರೆ,
ಕಾಂಪೌಂಡಿಗೆ ಬೋಗನ್‌ವಿಲ್ಲಾ ಸಮೇತ.

ಮೊನ್ನೆ, ಪಾಳಿ ಇಲ್ಲದ ರಾತ್ರಿ,
ಪೈಡಿರಾಜುವಿನ ಹಳೆಯ ಆಟ ತೆರೆದೆವು.
ನಲವತ್ತೆಂಟನೇ ಸರದಿಗೆ ನಿಂತಿತ್ತು.
ಊರು ಒಂದೇ. ಗೋಧಿ ಹೊಲ. ಸುತ್ತ ಗೋಡೆ.
ಬಹಳ ದೂರ, ಮರಳಿನ ನಟ್ಟನಡುವೆ
ಗಂಟು ಹೊತ್ತ ವಲಸಿಗ,
ತಲೆಯ ಮೇಲೆ ನಿದ್ದೆಯ ಗುರುತು.

"ಮೂವತ್ತು ಸರದಿಯಾದರೂ ಆಗಿರಬೇಕು ಮಲಗಿಸಿ.
ಬೇವಕೂಫ, ಎಲ್ಲಾದರೂ ಒಂದು ಕಡೆ ಊರಬಾರದಿತ್ತಾ?"
ಬೈದರು ಮೊಯ್ದಿನಬ್ಬ,
ಬೆರಳು ಮಾತ್ರ ಕೀಲಿಗೆ ಹೋಗಲಿಲ್ಲ.
ಎಬ್ಬಿಸಿದರೆ ಊರು ಕಟ್ಟಬೇಕು, ಇಲ್ಲವೇ ನಡೆಸಬೇಕು.
ಹಿಂದಿರುಗಿಸಿ, ಗೋಡೆಯೊಳಗೆ ಕರೆದು,
ಮತ್ತೆ ತಲೆಲೆಕ್ಕಕ್ಕೆ ಸೇರಿಸುವ ಗುಂಡಿ
ಈ ಆಟದಲ್ಲಿಲ್ಲ.
ಹುಡುಕಿದ್ದೇವೆ.

ಪೈಡಿರಾಜುವಿಗೆ ವಾಟ್ಸಾಪಿನಲ್ಲಿ ಹಾಕಿದೆ:
ನಿನ್ನ ವಲಸಿಗನನ್ನು ಎಂತ ಮಾಡುವುದು?
ಬೆಳಗಿನ ಜಾವ ಅವನ ಧ್ವನಿ ಬಂತು,
ಹಿಂದೆ ಒಂದು ಹಟ್ಟಿ ತುಂಬ ಕೋಳಿಗಳ ಗಲಾಟೆ:
"ಯಾವ ವಲಸಿಗ?"

ಐದೂಮುಕ್ಕಾಲಿಗೆ ಬಸ್ಸು ಹಾರನ್ ಹೊಡೆಯಿತು.
ಉಳಿಸಬೇಕೇ ಎಂದು ಕೇಳಿತು ಆಟ.
ಶೂ ಹಾಕಿಕೊಳ್ಳುತ್ತಲೇ
ಅವನ ಹೆಸರಿನಲ್ಲೇ ಉಳಿಸಿದೆ.