ಎರಡು ಬ್ಯಾಟರಿ

ಚಮಚ ಬಿದ್ದರೆ ಬೆಚ್ಚುತ್ತಾಳೆ, ಟ್ರಾಮಿನ ಗಂಟೆಗೆ ಇಲ್ಲ.
ಹುಟ್ಟುವ ಮೊದಲೇ ಕೇಳಿದ್ದಳಲ್ಲ ಅದನ್ನು
ದಿನಕ್ಕೆರಡು ಸಲ, ನನ್ನ ಕೋಟಿನೊಳಗಿಂದ.
ಅವಳಪ್ಪ ಮಾತಾಡಿದರೆ ಮೊಲೆ ಬಿಟ್ಟು ಕಿವಿಗೊಡುತ್ತಾಳೆ,
ಮುಗಿದ ಮೇಲೆ ಮತ್ತೆ ಬಾಯಿ ಹಾಕುತ್ತಾಳೆ
ಹವಾಮಾನ ವರದಿ ಕೇಳಿ ಎದ್ದವರ ಹಾಗೆ.
ಚಿಕ್ಕಮ್ಮ ವೆಲ್ತಾಳ ಸಕ್ಕರೆ ದನಿಗೆ ಮಾತ್ರ
ಹುಬ್ಬು ಗಂಟಿಕ್ಕಿ ಗೋಡೆಗೆ ತಿರುಗುತ್ತಾಳೆ.
ನನಗೆ ಒಳಗೊಳಗೇ ಖುಷಿ; ಹೇಳಬಾರದು.

ಮಾವ ಓಯಾರ್ಸ್ ಅವಳೆದುರು ಬಾಯೇ ಬಿಡಲಿಲ್ಲ,
ಹನ್ನೊಂದು ವಾರ.
ಒಂದು ಕಾಲಕ್ಕೆ ಲಿಯೆಪಾಯ ಬಂದರಿನಲ್ಲಿ
ಗಾಳಿಯನ್ನೂ ಮೀರಿಸಿ ಹಡಗುಗಳನ್ನು ಕೂಗಿ ನಿಲ್ಲಿಸುತ್ತಿದ್ದ ಗಂಟಲು.
ಡಾಕ್ಟರು ಅದನ್ನು ತೆಗೆದು
ಪುಟ್ಟ ಟಾರ್ಚಿನಂಥ ಯಂತ್ರ ಕೊಟ್ಟರು.
ಕತ್ತಿಗೆ ಒತ್ತಿ ಹಿಡಿದರೆ ಜುಂಯ್ ಎನ್ನುತ್ತದೆ,
ತುಟಿ ಆ ಜುಂಯ್ಯನ್ನು ಕತ್ತರಿಸಿ ಮಾತು ಮಾಡಬೇಕು.
ಏರಿಲ್ಲ, ಇಳಿವಿಲ್ಲ; 'ಉಪ್ಪು ಕೊಡು' ಎಂದರೂ
'ಅವಳು ಹೋಗಿಬಿಟ್ಟಳು' ಎಂದರೂ ಒಂದೇ ಶ್ರುತಿ.
ಬೇಕರಿಯ ಹುಡುಗಿ ಒಮ್ಮೆ ಬೆಚ್ಚಿ ಚಿಲ್ಲರೆ ಚೆಲ್ಲಿದ್ದಳಂತೆ.
'ಮಗು ಹೆದರೀತು' ಎಂದು ಚೀಟಿಯಲ್ಲಿ ಬರೆದು ತೋರಿಸಿ
ಮಾವ ಯಂತ್ರವನ್ನು ಜೇಬಿಗಿಳಿಸಿದರು.
ಆಮೇಲೆ ನನ್ನನ್ನು ಕರೆಯುವುದೂ ಮೇಜು ಕುಟ್ಟಿಯೇ.

ಫೆಬ್ರವರಿಯ ಒಂದು ಸಂಜೆ. ನಾನು ಸ್ನಾನದಲ್ಲಿ, ತಲೆ ತುಂಬ ನೊರೆ.
ಆಚೆ ಕೋಣೆಯಲ್ಲಿ ಮದಾರ ಸೂರು ಹಾರುವಂತೆ ಅಳುತ್ತಿದ್ದಾಳೆ.
ಗಿಲಕಿ ಅಲ್ಲಾಡಿದ್ದು ಕೇಳಿತು. ರೇಡಿಯೋ ಹಾಕಿದ್ದು, ಆರಿಸಿದ್ದು.
ಬೀಗದಕೈ ಗೊಂಚಲು. ಪಾತ್ರೆಯ ಮುಚ್ಚಳ.
ತುಂಬ ಹೊತ್ತು ಏನೂ ಇಲ್ಲ, ಅಳು ಬಿಟ್ಟರೆ.
ಆಮೇಲೆ
ಜುಂಯ್
'ನಾ ನಿ ದೀ ನಿ.'

ಅಳು ಅರ್ಧಕ್ಕೇ ನಿಂತಿತು.
ಟವೆಲು ಸುತ್ತಿಕೊಂಡು ಓಡಿದೆ, ನೀರು ತೊಟ್ಟಿಕ್ಕುತ್ತ.
ಒದೆಯುತ್ತಿದ್ದ ಕಾಲನ್ನು ಗಾಳಿಯಲ್ಲೇ ಮರೆತುಬಿಟ್ಟಿದ್ದಳು.
ಕಣ್ಣು ಅವರ ಮುಖ ದಾಟಿ ಕೆಳಗೆ, ಕತ್ತಿನ ಮೇಲೆ,
ನಾವೆಲ್ಲ ನೋಡಲು ನಾಚುವ ಆ ಕಡೆಗೇ.
ಮಾವ ಮತ್ತೊಮ್ಮೆ ಒತ್ತಿದರು, ಮಾತಿಲ್ಲದೆ, ಬರೀ ಜುಂಯ್.
ನಕ್ಕಳು.
ಸದ್ದು ಮಾಡಿ ನಕ್ಕದ್ದು ಅದೇ ಮೊದಲು.

ಈಗ ದಿನವಿಡೀ ತುಟಿ ಬಿಗಿದು ಬ್ರ್ರ್ರ್ ಎನ್ನುತ್ತಾಳೆ,
ಎಂಜಲಿನ ಗುಳ್ಳೆ ಎದೆಯ ಮೇಲೆ.
'ಮೊದಲು ಮಮ್ಮಾ ಅನ್ನಬೇಕಿತ್ತು' ಎಂದು ವೆಲ್ತಾಗೆ ಬೇಸರ.
ಮಾವ ಏನೋ ಉತ್ತರ ಕೊಡಲು ಹೋದರು,
ಬ್ಯಾಟರಿ ಮುಗಿದಿತ್ತು.
ಮುಂಚೆ ವಾರಕ್ಕೊಂದು ಸಾಕಾಗುತ್ತಿತ್ತು.
ಅಂಗಡಿಯಲ್ಲಿ ಈಗ ಎರಡು ಬೆರಳು ತೋರಿಸುತ್ತಾರೆ.