ಕಾರ್ಬನ್ನಿಗೆ ಒಂದು ಉಸಿರು

ಕುಂಬಳೆ ಪೇಟೆಯಲ್ಲಿ, ರೈಲು ಹಳಿಯ ಪಕ್ಕ,
ಐತಪ್ಪಣ್ಣನ ವೈಂಡಿಂಗ್ ಅಂಗಡಿ.
ಸತ್ತ ಮಿಕ್ಸಿಗಳು, ಟೈಲ್ಸ್ ಕೊಯ್ಯುವ ಕಟ್ಟರುಗಳು,
ತಾಮ್ರದ ಕರುಳು ಹೊರಗಿಟ್ಟು ಮಲಗಿದ ಮೋಟರುಗಳು.
ಹೊಸ ಕಾರ್ಬನ್ ಬ್ರಷ್ಷು ಕೂರಿಸುವ ಮೊದಲು
ಅದನ್ನು ತುಟಿಯ ಹತ್ತಿರ ತಂದು
ಹಾ— ಎಂದು ಒಮ್ಮೆ ಉಸಿರು ಬಿಡುತ್ತಾರೆ,
ಕನ್ನಡಕ ಒರೆಸುವವರ ಹಾಗೆ.
"ಎಂತಕ್ಕೆ ಅದು?" ಅಂದರೆ
"ನನಗೆ ಕೆಲಸ ಕಲಿಸಿದವರು ಬಿಡ್ತಿದ್ದರು. ಹಾಗೆ."

ನಾನು ಕೇಳಿ ತಂದದ್ದು ಸವೆದದ್ದೊಂದು.
ಕಡಲೆಬೇಳೆಯಷ್ಟು ಉಳಿದಿತ್ತು,
ಬೆನ್ನಿಗೆ ಸುಟ್ಟ ಸ್ಪ್ರಿಂಗು.
ಮಾತ್ರೆಯ ಖಾಲಿ ಡಬ್ಬಿಯಲ್ಲಿ ಹಾಕಿ
ಎರಡು ಬಸ್ಸು ಬದಲಿಸಿ
ಪೆರಿಯದ ಮುರಕಲ್ಲಿನ ಗುಡ್ಡಕ್ಕೆ.

ಲ್ಯಾಬಿನಲ್ಲಿ ಎಸಿ. ಚಪ್ಪಲಿ ಹೊರಗೆ.
ಪಂಪು ಗುನುಗುತ್ತ
ಪೆಟ್ಟಿಗೆಯೊಳಗಿನ ಗಾಳಿಯನ್ನೆಲ್ಲ ಹೀರುತ್ತದೆ:
ಕಡಲ ಉಪ್ಪು, ನನ್ನ ಕೈಯ ಬೆವರು,
ಬೂತಾಯಿಯೋ ಮತ್ತಿಯೋ, ಯಾರ ಭಾಷೆಯದಾದರೂ ಸರಿ,
ಆ ವಾಸನೆ.
ಆಮೇಲೆ ಇಲೆಕ್ಟ್ರಾನುಗಳು
ಕಾಪಿ ಬರೆಯುವ ಮಗುವಿನ ಹಾಗೆ
ಎಡದಿಂದ ಬಲಕ್ಕೆ, ಮತ್ತೆ ಎಡದಿಂದ ಬಲಕ್ಕೆ,
ಗೆರೆ ತಪ್ಪದೆ.

ಕಂಡದ್ದು ಪದರ. ಪದರದ ಕೆಳಗೆ ಪದರ.
ಬೀಫಾತಿಮಕ್ಕ ಅಟ್ಟಿ ಇಟ್ಟ ಪತ್ತಿರಿ,
ಅಂಚು ಕಿತ್ತು, ಸುರುಳಿ ಸುತ್ತಿ, ಅಲ್ಲಲ್ಲಿ ಎದ್ದು ನಿಂತು.

ಒಂದು ಹಾಳೆಯನ್ನು ಹಿಡಿದು ಎಳೆದು ನೋಡಿ,
ಉಕ್ಕಿಗೂ ಅಷ್ಟು ಹಟವಿಲ್ಲ.
ಹಾಳೆಗೂ ಹಾಳೆಗೂ ನಡುವೆ ಮಾತ್ರ
ಬಸ್ಸಿನಲ್ಲಿ ಪಕ್ಕ ಕೂತವರ ಪರಿಚಯ.
ಹಾಗಾಗಿ ಜಾರುತ್ತದೆ,
ಪೆನ್ಸಿಲು ಬರೆಯುತ್ತದೆ, ಮೋಟರು ತಿರುಗುತ್ತದೆ.
ಶಾಲೆಯಲ್ಲಿ ಹೀಗೇ ಬರೆದು
ಐದಕ್ಕೆ ಐದು ಪಡೆದಿದ್ದೆ.

ನಿರ್ವಾತದಲ್ಲಿ ವಜ್ರದ ಮೊನೆಯಿಂದ
ಮೆಲ್ಲಗೆ ಎಳೆದಾಗ ಅದು ಜಾರಲಿಲ್ಲ.
ಹಿಡಿಯಿತು. ಕೆರೆಯಿತು.
ಹರಿದ ಅಂಚುಗಳು ಒಂದನ್ನೊಂದು ಕಚ್ಚಿಕೊಂಡು
ಪುಡಿಯಾಗಿ ಉದುರಿದವು.
ಘರ್ಷಣೆಯ ಗೆರೆ
ತೆಂಗು ಹತ್ತುವವನ ಹಾಗೆ ಮೇಲೆ ಹೋಗಿ ಕೂತದ್ದು
ಸಂಜೆಯಾದರೂ ಇಳಿಯಲಿಲ್ಲ.

ಮರುದಿನ ಕವಾಟ ತುಸು ತೆರೆದು
ನೀರಿನ ಆವಿ ಬಿಟ್ಟೆವು, ಇಷ್ಟೇ ಇಷ್ಟು.
ಗೆರೆ ಇಳಿಯಿತು.
ಅಂದರೆ ಇಷ್ಟು ದಿನ ಅದು
ಬರೀ ತನ್ನ ಗುಣದಿಂದ ಜಾರಿದ್ದಲ್ಲ.
ಹರಿದ ಅಂಚಿನ ಮೇಲೆ ಗಾಳಿಯ ತೇವ ಬಂದು ಕೂತು
ಸಮಾಧಾನ ಮಾಡುತ್ತಿತ್ತು.
ನನ್ನ ಐದು ಅಂಕದಲ್ಲಿ ಅದಕ್ಕೊಂದು ಪಾಲು ಕೊಟ್ಟಿರಲಿಲ್ಲ.

ಜೊತೆಗಿದ್ದ ಪ್ರಸೀತಾ ಅಂಕೆಗಳನ್ನು ಮಲಯಾಳದಲ್ಲಿ ಓದಿದಳು,
ನಾನು ಕನ್ನಡದಲ್ಲಿ ಬರೆದುಕೊಂಡೆ.
ನಡುವೆ ಕರೆಂಟು ಹೋದಾಗ
ಇಬ್ಬರೂ ಬೈದದ್ದು ತುಳುವಿನಲ್ಲಿ.

ಶನಿವಾರ ಅಂಗಡಿಗೆ ಹೋಗಿ ಚಿತ್ರ ತೋರಿಸಿದೆ.
ಐತಪ್ಪಣ್ಣ ಮೊಬೈಲನ್ನು ದೂರ ಹಿಡಿದು,
"ಇದು ನಮ್ಮ ಬ್ರಷ್ಷಾ? ಕಲ್ಲಿನ ಕೋರೆಯ ಹಾಗೆ ಉಂಟಲ್ಲ ಮಾರಾಯ್ತಿ."
ತೇವದ ಕತೆ ಹೇಳಿದೆ.
ಇನ್ನೊಂದು ಮಾತೂ ಹೇಳಬೇಕಿತ್ತು:
ಒಗೆದ ಬಟ್ಟೆ ಎರಡು ದಿನ ಆರದ ಈ ಕಡಲ ಬದಿಯಲ್ಲಿ
ಒಬ್ಬರ ಉಸಿರು ಯಾವ ಲೆಕ್ಕಕ್ಕೆ,
ಗಾಳಿಯೇ ಬೇಕಾದಷ್ಟು ಕೊಡುತ್ತದೆ ಎಂದು.
ಹೇಳಲಿಲ್ಲ. ಅಥವಾ, ಬಾಯಿ ತೆರೆಯುವಷ್ಟರಲ್ಲಿ
ಮಂಗಳೂರಿನ ಗಾಡಿ ಬಂದು ಮಾತು ನುಂಗಿತು.

ಅದು ಹೋದ ಮೇಲೆ ಅವರು ಕೇಳಿದರು:
"ಹಾಗಾದರೆ ನಿಮ್ಮ ಆ ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ
ಪಾಪ, ಅದಕ್ಕೆ ಯಾರು?"

ಉತ್ತರಕ್ಕೆ ಕಾಯಲಿಲ್ಲ.
ಕಪ್ಪು ಬೆರಳು ಬನಿಯನಿಗೆ ಒರೆಸಿ,
ಯಾರದೋ ಡ್ರಿಲ್ಲಿನ ಹೊಸ ಬ್ರಷ್ಷು ತುಟಿಯ ಹತ್ತಿರ ತಂದು,
ಹಾ—
ಒಳಗೆ ಕೂರಿಸಿ, ತಿರುಪು ಬಿಗಿದು,
ಸ್ವಿಚ್ಚು ಒತ್ತಿದರು.

ಒಂದು ನೀಲಿ ಕಿಡಿ.
ತುಸು ಹೊತ್ತು ಗರಗರ.
ಆಮೇಲೆ ಸದ್ದು ನಯವಾಯಿತು.