ಮೂವತ್ತು ಸಲ

ಮುದ್ದೆ ಅಗಿಯಬಾರದು ಅಂತ ಕಲಿಸಿದ್ದು ನಮ್ಮಜ್ಜಿ.
ಸಾರಲ್ಲಿ ಹೊರಳಿಸು, ನಾಲಿಗೆಗೆ ಕೊಡು, ಗುಟಕ್.
ಹಲ್ಲಿಗೆ ತಾಗಿಸಿದರೆ ಪಂಕ್ತಿಯೆಲ್ಲ ನಗುತ್ತಿತ್ತು.
ಐವತ್ತೊಂದು ವರ್ಷ ಹಾಗೇ ನುಂಗಿದೆ:
ಮುದ್ದೆ, ಮಾತು,
ಎರಡು ಸೀಟಿನ ದುಡ್ಡು ಕೊಡಿ ಅಂದ ಕಂಡಕ್ಟರನ ನಗು.

ಈಗ ಹೊಟ್ಟೆ ಒಂದು ಏಲಕ್ಕಿಬಾಳೆಯಷ್ಟು.
ಉಳಿದದ್ದನ್ನು ಕತ್ತರಿಸಿ ತೆಗೆದರು,
ಎಲ್ಲಿ ಹಾಕಿದರೋ ಕೇಳಲಿಲ್ಲ.
"ಒಂದೊಂದು ತುತ್ತೂ ಮೂವತ್ತು ಸಲ ಅಗೀರಿ ಪಿಳ್ಳಪ್ಪನವರೇ,
ಹೊಟ್ಟೆ ಮಾಡ್ತಿದ್ದ ಕೆಲಸ ಇನ್ನು ಬಾಯಿ ಮಾಡಬೇಕು."

ನನ್ನ ಬಾಯಿಗೆ ಮೊದಲೇ ಒಂದು ಕೆಲಸವಿತ್ತು.
ಕೋಲಾರದ ಮಂಡಿಯಲ್ಲಿ, ಟೊಮೆಟೊ ಕ್ರೇಟುಗಳ ನಡುವೆ
ಹರಾಜು ಕೂಗುವವನು ನಾನು.
ಮುನ್ನೂರ ಹತ್ತು, ಮುನ್ನೂರ ಇಪ್ಪತ್ತು,
ಒಂದ್ಸಲ, ಎರಡ್ಸಲ,
ಮೂರನೇ ಸಲಕ್ಕೆ ಮಾಲು ಯಾರದೋ ಲಾರಿಗೆ.
ನನ್ನ ಲೆಕ್ಕ ಯಾವತ್ತೂ ಮೂರು ದಾಟಿದ್ದಿಲ್ಲ.

ಏಳನೇ ವಾರ. ಅರ್ಧ ಇಡ್ಲಿ. ಆತುರ.
ಹನ್ನೊಂದಕ್ಕೇ ನುಂಗಿಬಿಟ್ಟೆ.
ಅಂಗಡಿ ಹಿಂದೆ, ಕೊಳೆತ ಹಣ್ಣಿನ ರಾಶಿ ಪಕ್ಕ
ಬಗ್ಗಿ ಕಕ್ಕಿದೆ.
ಹೊರಗೂ ಹುಳಿ, ಒಳಗೂ ಹುಳಿ,
ನೊಣಗಳು ಭೇದ ಮಾಡಲಿಲ್ಲ.
ನಾಚಿಕೆಗೆ ನಲ್ಲಿಗೆ ಓಡಿ ಗಸಗಸ ಹಲ್ಲುಜ್ಜಿದೆ.
ಆಮೇಲೆ ವಾರಕ್ಕೆ ಮೂರು ದಿನ ಇದೇ.

ಡಾಕ್ಟರ್ ತಬಸ್ಸುಮ್ ಪುಟ್ಟ ಕನ್ನಡಿ ಒಳಗಿಟ್ಟು
"ನೋಡಿ, ಮೇಲಿನ ಹಲ್ಲುಗಳ ಬೆನ್ನು" ಅಂದರು.
ಹಲ್ಲಿಗೂ ಬೆನ್ನಿದೆಯೆಂದು ತಿಳಿದದ್ದೇ ಆವತ್ತು.
ಸವೆದಿತ್ತು, ಹಳೇ ಕಚೇರಿಯ ಮೆಟ್ಟಿಲಿನಂತೆ.
"ಹುಳಿ ಬಿದ್ದ ಹಲ್ಲು ಆಗಷ್ಟೇ ಸಾರಿಸಿದ ನೆಲ.
ಅದರ ಮೇಲೆ ಪೊರಕೆ ಎಳೀತೀರಾ?
ನೀರಿಗೆ ಚಿಟಿಕೆ ಅಡುಗೆ ಸೋಡ, ಮುಕ್ಕಳಿಸಿ ಉಗೀರಿ,
ಒಂದು ಗಂಟೆ ಸುಮ್ಮನಿರಿ,
ಆಮೇಲೆ ಮೆತ್ತನೆ ಬ್ರಷ್ಷು."

ಒಂದು ಗಂಟೆ ಬಾಯಿಯನ್ನು ಹಾಗೇ ಬಿಡುವುದು!
ಆಪರೇಷನ್ನೇ ವಾಸಿ.

ಹಲ್ಲಿದ್ದಾಗ ಕಡಲೆಯಿಲ್ಲ ಅಂತಾರಲ್ಲ,
ನನಗೆ ಹಲ್ಲೂ ಇದೆ, ಕಡಲೆಯೂ ಇದೆ,
ಇಳಿಸಲು ಜಾಗವಿಲ್ಲ.

ನಿನ್ನೆ ರಾತ್ರಿ ಆಂಜಿನಮ್ಮ
ನೆಲ್ಲಿಕಾಯಿ ಗಾತ್ರದ ಮುದ್ದೆ ಕಟ್ಟಿ ತಟ್ಟೆಗಿಟ್ಟಳು.
ಗಂಟಲು ತಾನಾಗಿ ತೆರೆದುಕೊಂಡಿತು. ತಡೆದೆ.
ಅಜ್ಜಿಗೆ ಮನಸ್ಸಲ್ಲೇ ತಪ್ಪಾಯ್ತು ಅಂದು
ಹಲ್ಲಿನ ಮೇಲಿಟ್ಟೆ.
ಅವಳು ಎದುರು ಕೂತು ಎಣಿಸಿದಳು,
ನನ್ನದೇ ಹರಾಜಿನ ಧಾಟಿಯಲ್ಲಿ, ಕೈ ಎತ್ತಿ, ಅಣಕಿಸುತ್ತಾ.
ಹದಿನೆಂಟು. ಹತ್ತೊಂಬತ್ತು.
ಇಪ್ಪತ್ತನಾಲ್ಕರ ಹೊತ್ತಿಗೆ
ರಾಗಿ ಸಿಹಿಯಾಯಿತು.

ರಾಗಿ. ಸಿಹಿ.
ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.
ಹೇಳೋಣವೆಂದು ಬಾಯಿ ತೆರೆದೆ.

"ಇನ್ನೂ ಆರಿದೆ" ಅಂದಳು.